ನಿಮ್ಮದೇ ಒಂದು ಸಿ ಲೈಬ್ರರಿ ಇರಲಿ

ಒಂದೇ ಫಂಕ್ಷನ್ನನ್ನು ಹಳೆಯ ಪ್ರೋಗ್ರಾಂನಿಂದ ಹೊಸದಕ್ಕೆ ಕಾಪಿ ಮಾಡುತ್ತಲೇ ಇದ್ದೀರಾ? ಮೂರನೇ ಸಲ ಬೇಕಾಯಿತೆಂದರೆ ಅದನ್ನು ಲೈಬ್ರರಿಗೆ ಸೇರಿಸಿಬಿಡಿ. ಕೆಲಸ ದೊಡ್ಡದೇನಲ್ಲ. ಫಂಕ್ಷನ್ನಿನ ಘೋಷಣೆ ಹೆಡರ್ ಫೈಲಿನಲ್ಲಿ, ಒಳಗಿನ ಕೋಡ್ ಬೇರೆ ಸಿ ಫೈಲಿನಲ್ಲಿ. ಲಿನಕ್ಸ್‌ನಲ್ಲಾದರೆ ಜಿಸಿಸಿಯಿಂದ ಆಬ್ಜೆಕ್ಟ್ ಫೈಲ್ ಮಾಡಿಕೊಂಡು, 'ಎಆರ್' ಕಮಾಂಡಿನಿಂದ ಒಟ್ಟುಗೂಡಿಸಿದರೆ ಸ್ಟ್ಯಾಟಿಕ್ ಲೈಬ್ರರಿ ಸಿದ್ಧ. ಲಿಂಕ್ ಮಾಡುವಾಗ ಅದರ ಹೆಸರು ನಿಮ್ಮ ಪ್ರೋಗ್ರಾಂ ಫೈಲಿನ ನಂತರವೇ ಬರಲಿ. ಮೊದಲೇ ಬರೆದರೆ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂದು ಲಿಂಕರ್ ತಗಾದೆ ತೆಗೆಯುತ್ತದೆ.

ಏನನ್ನು ಹಾಕುವುದೆಂದು ತಲೆ ಕೆಡಿಸಿಕೊಳ್ಳಬೇಡಿ. ಎಫ್‌ಗೆಟ್ಸ್ ಓದಿದ ಸಾಲಿನ ಕೊನೆಯಲ್ಲಿ ಉಳಿಯುವ ನ್ಯೂಲೈನ್ ತೆಗೆಯುವ ಫಂಕ್ಷನ್ನಿನಿಂದಲೇ ಶುರುಮಾಡಿ. ಸುಲಭ ಅನಿಸುತ್ತದೆ, ಆದರೆ ಪೇಚು ಇರುವುದು ಇಲ್ಲೇ ನೋಡಿ. ಸ್ಟ್ರಿಂಗ್ ಖಾಲಿಯಿದ್ದರೆ ಸ್ಟ್ರ್‌ಲೆನ್ 0 ಕೊಡುತ್ತದೆ. ಅದು ಅನ್‌ಸೈನ್ಡ್ ಸಂಖ್ಯೆ. ಕೊನೆಯ ಅಕ್ಷರದ ಜಾಗ ಹುಡುಕಲು ಅದರಿಂದ 1 ಕಳೆದರೆ ಮೈನಸ್ 1 ಬರುವುದಿಲ್ಲ, ಭಾರೀ ದೊಡ್ಡ ಸಂಖ್ಯೆ ಬರುತ್ತದೆ, ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈಹಾಕುತ್ತದೆ. ಉದ್ದ 0 ಆಗಿದೆಯೇ ಎಂಬ ಪರೀಕ್ಷೆಯನ್ನು ಲೈಬ್ರರಿಯಲ್ಲಿ ಒಮ್ಮೆ ಬರೆದಿಟ್ಟರೆ ಪ್ರತಿ ಪ್ರೋಗ್ರಾಂನಲ್ಲೂ ಅದನ್ನು ನೆನಪಿಡುವ ಕಷ್ಟವಿಲ್ಲ.

ಸಿಯಲ್ಲಿ ನೇಮ್‌ಸ್ಪೇಸ್ ಇಲ್ಲ. ಹಾಗಾಗಿ ಫಂಕ್ಷನ್ನಿನ ಹೆಸರುಗಳ ಮುಂದೆ ನಿಮ್ಮದೇ ಎರಡು ಮೂರು ಅಕ್ಷರ ಸೇರಿಸಿ; ಹೊರಗೆ ಕಾಣಬಾರದವಕ್ಕೆ ಸ್ಟ್ಯಾಟಿಕ್ ಹಾಕಿ. 'ಎಸ್‌ಟಿಆರ್' ಎಂದು ಶುರುವಾಗಿ ಮುಂದೆ ಇಂಗ್ಲಿಷ್ ಸಣ್ಣಕ್ಷರ ಬರುವ ಹೆಸರಂತೂ ಬೇಡ, ಅವನ್ನು ಸಿ ಸ್ಟ್ಯಾಂಡರ್ಡ್ ತನಗೇ ಕಾದಿರಿಸಿಕೊಂಡಿದೆ. ಮ್ಯಾಲಕ್ ಮಾಡಿ ಕೊಡುವ ಫಂಕ್ಷನ್ ಇದ್ದರೆ, ಫ್ರೀ ಮಾಡಬೇಕಾದವರು ಯಾರೆಂದು ಹೆಡರಿನಲ್ಲೇ ಕಾಮೆಂಟ್ ಬರೆಯಿರಿ. ಮತ್ತೊಂದು ಮಾತು: ಸ್ಟ್ಯಾಟಿಕ್ ಲೈಬ್ರರಿಯನ್ನು ತಿದ್ದಿದರೆ, ಅದನ್ನು ಬಳಸುವ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಲಿಂಕ್ ಮಾಡಲೇಬೇಕು.