ಕಾರಿಗೆ ಮೊದಲು ಕರೆಂಟ್ ಬಿಲ್ ನೋಡಿ

ಎಲೆಕ್ಟ್ರಿಕ್ ಕಾರು ಬೆಂಗಳೂರಿಗೆ ಹೊಸದಲ್ಲ. ಚೇತನ್ ಮೈನಿ ಅವರ ಪುಟಾಣಿ ರೇವಾ 2001ರಲ್ಲೇ ಇಲ್ಲಿ ರಸ್ತೆಗಿಳಿದಿತ್ತು. ಈಗ ಲಿಂಗರಾಜಪುರದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳಹೊರಟವರು ಶೋರೂಮಿಗೆ ಹೋಗುವ ಮುನ್ನ ಮನೆಯ ಕರೆಂಟ್ ಬಿಲ್ ತೆಗೆದು ನೋಡುವುದು ಒಳ್ಳೆಯದು.

ಮಂಜೂರಾದ ಲೋಡ್ ಎಷ್ಟೆಂದು ಅದರಲ್ಲೇ ಇರುತ್ತದೆ. ಅದು 3 ಕಿಲೋವ್ಯಾಟ್ ಆಗಿದ್ದರೆ, ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್‌ಗೆ ಮೊದಲು ಬೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. ಆದರೆ ಆ ಚಾರ್ಜರ್ ನಿಜಕ್ಕೂ ಬೇಕೆ? ಟಿಯಾಗೊ ಇವಿಯಂಥ ಚಿಕ್ಕ ಕಾರಿನಲ್ಲಿ ದಿನಕ್ಕೆ 40 ಕಿ.ಮೀ. ಓಡಾಡುವವರಿಗೆ ಸುಮಾರು 6 ಯೂನಿಟ್ ಸಾಕು. 15 ಆಂಪಿಯರ್ ಸಾಕೆಟ್ ಅಷ್ಟನ್ನು ಎರಡು-ಮೂರು ಗಂಟೆಯಲ್ಲಿ ತುಂಬುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ ಎಲ್ಲ ಆರಿದ ಮೇಲೆ ರಾತ್ರಿ ಹಾಕಿದರಾಯಿತು.

ಸಾಕೆಟ್ಟಾದರೂ ಚಾರ್ಜರಾದರೂ ಮೀಟರಿನಿಂದ ಪ್ರತ್ಯೇಕ ವೈರು, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಇಲ್ಲಿ ಜುಗ್ಗತನ ಬೇಡವೇ ಬೇಡ. ಎಕ್ಸ್‌ಟೆನ್ಷನ್ ಬೋರ್ಡಿನ ಸಹವಾಸವೂ ಬೇಡ. ಮಳೆನೀರು ನುಗ್ಗುವ ತಗ್ಗು ಪಾರ್ಕಿಂಗಾದರೆ ಎಲ್ಲವನ್ನೂ ಎತ್ತರಕ್ಕೇ ಕೂರಿಸಲಿ.

ಫೀಚರ್ ವಿಷಯಕ್ಕೆ ಬಂದರೆ, ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಿ ಸನ್‌ರೂಫ್‌ಗಿಂತ 360 ಡಿಗ್ರಿ ಕ್ಯಾಮೆರಾ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಾಡಿಗೆ ಮನೆಯವರು ಕಾರಿಗೆ ಮುಂಗಡ ಕಟ್ಟುವ ಮೊದಲೇ ಮಾಲೀಕರಿಂದ ವೈರಿಂಗ್‌ಗೆ ಬರಹದಲ್ಲಿ ಒಪ್ಪಿಗೆ ಪಡೆಯಲಿ.