ದನಕರುಗಳ ಚರ್ಮರೋಗಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತರಿಗೆ ರೇಷ್ಮೆಯಂತೆಯೇ ಹಾಲೂ ಜೀವನಾಧಾರ. ಆದುದರಿಂದ ಹಸುವಿನ ಮೈಮೇಲೆ ಏಳುವ ಒಂದು ಗಂಟು ಇಡೀ ಮನೆಯ ಚಿಂತೆಯಾಗುತ್ತದೆ.

ಚರ್ಮರೋಗಗಳೆಲ್ಲ ಒಂದೇ ಕಾರಣದಿಂದ ಹುಟ್ಟುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಚರ್ಮವನ್ನು ಕೊರೆದಾಗ ಕಜ್ಜಿಯಾಗುತ್ತದೆ. ಶಿಲೀಂಧ್ರ ತಗುಲಿದರೆ ಕೂದಲುದುರಿ ದುಂಡನೆಯ ಕಲೆಗಳು ಮೂಡುತ್ತವೆ.

ಇವೆಲ್ಲಕ್ಕಿಂತ ಭಯಂಕರವಾದುದು ಚರ್ಮಗಂಟು ರೋಗ. 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಕಾಣಿಸಿಕೊಂಡ ಈ ರೋಗವು 2019ರಲ್ಲಿ ಭಾರತದ ಒಡಿಶಾದಲ್ಲಿ ಪತ್ತೆಯಾಯಿತು. 2022ರಲ್ಲಿ ಕರ್ನಾಟಕದಲ್ಲಿಯೂ ಅನೇಕ ರಾಸುಗಳನ್ನು ಬಲಿ ತೆಗೆದುಕೊಂಡಿತು. ಇದಕ್ಕೆ ಕಾರಣ ದೃಷ್ಟಿದೋಷವಲ್ಲ, ಒಂದು ವೈರಾಣು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಒಂದು ರಾಸಿನಿಂದ ಮತ್ತೊಂದಕ್ಕೆ ಒಯ್ಯುತ್ತವೆ. ಜ್ವರ ಬಂದು, ಮೈತುಂಬ ಗಂಟುಗಳೆದ್ದು, ಹಾಲು ಇಳಿದುಹೋಗುತ್ತದೆ.

ಆದುದರಿಂದ ಆರೋಗ್ಯವಾಗಿರುವ ರಾಸುಗಳಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸಬೇಕು. ಕೊಟ್ಟಿಗೆಯಲ್ಲಿ ಗಂಜಲ ನಿಲ್ಲದಂತೆ ನೋಡಿಕೊಳ್ಳಬೇಕು. ರೋಗ ತಗುಲಿದ ರಾಸನ್ನು ಬೇರೆಡೆ ಕಟ್ಟಿ, ಪಶುವೈದ್ಯರನ್ನು ಕರೆಸಬೇಕು. ಅದನ್ನು ಸಂತೆಗೆ ಹೊಡೆದುಕೊಂಡು ಹೋಗುವುದು ನೆರೆಯವರ ಕೊಟ್ಟಿಗೆಗೆ ಕೇಡು ಬಗೆದಂತೆ. ಚರ್ಮಗಂಟು ರೋಗ ಮನುಷ್ಯರಿಗೆ ಅಂಟುವುದಿಲ್ಲ. ಹೆದರಿ ದೂರ ಸರಿಯಬೇಕಾಗಿಲ್ಲ.

ಮೂಕಪ್ರಾಣಿ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ದಿನವೂ ಅದರ ಮೈ ಸವರಿ ನೋಡುವ ಕೈಗೆ ಮಾತ್ರ ಮೊದಲ ಗಂಟು ತಿಳಿಯುತ್ತದೆ.