ಬಾಣ ಕುಣಿದರೆ ಹೊಸ ಮೌಸ್ ಬೇಡ

ಬೋರು ನೀರೆತ್ತದಿದ್ದರೆ ಮೊದಲು ಕರೆಂಟು, ಸ್ಟಾರ್ಟರ್ ನೋಡ್ತೀವಿ. ಮೋಟರ್ ಎತ್ತಿಸೋದು ಆಮೇಲೆ. ಕಂಪ್ಯೂಟರಿಗೂ ಅದೇ ಕ್ರಮ. ನಮ್ಮ ರೈತರ ಗುಂಪಿನ ಕಂಪ್ಯೂಟರಿನಲ್ಲಿ ಅರ್ಜಿ ಹಾಕೋ ಕೊನೇ ದಿನವೇ ಪರದೆಯ ಬಾಣ ಕೈಕೊಟ್ಟರೆ ಕೆಲಸ ಕೆಟ್ಟಿತು. ಹಾಗಾಗಿ ನಾನು ಅನುಸರಿಸುವ ಕ್ರಮ ಬರೆದಿದ್ದೇನೆ.

ಬಾಣ ಕುಪ್ಪಳಿಸಿದರೆ: ಮೌಸಿನ ತಳದಲ್ಲಿ ಪುಟ್ಟ ದೀಪ, ಪುಟ್ಟ ಕಣ್ಣು ಇವೆ. ಕಣ್ಣು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಮೇಜಿನ ಚಿತ್ರ ತೆಗೆದು, ಎತ್ತ ಸರಿದೆ ಅಂತ ಲೆಕ್ಕ ಹಾಕುತ್ತೆ. ಗಾಜು, ಹೊಳೆಯುವ ಮೇಜಿನ ಮೇಲೆ ಅದಕ್ಕೆ ಗುರುತು ಸಿಗೋಲ್ಲ. ಕೆಳಗೆ ಬಿಳಿ ಹಾಳೆ ಹಾಕಿ. ಕಣ್ಣಿನ ಧೂಳು ಒರೆಸಿ. ವಯರಿದ್ದರೆ ಬೇರೆ ತೂತಿಗೆ ಸಿಕ್ಕಿಸಿ, ಇಲ್ಲದಿದ್ದರೆ ಸೆಲ್ ಬದಲಿಸಿ.

ಬಾಣ ಮಾಯವಾದರೆ: ಮೌಸ್ ನಿಧಾನ ಸರಿಸಿ. ಬಾಣ ಕಾಣದಿದ್ದರೂ ಪರದೆಯ ಚಿತ್ರಗಳು ಒಂದೊಂದಾಗಿ ಬಣ್ಣ ಬದಲಿಸುತ್ತವೆಯೇ? ಹಾಗಾದರೆ ಮೌಸ್ ಸರಿಯಿದೆ, ಬಾಣ ಬರೆಯುವ ಕಡೆ ತೊಂದರೆ. ವಿಂಡೋಸ್ 10, 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿಹಿಡಿದು ಬಿ ಒತ್ತಿ. ಪರದೆ ಕ್ಷಣ ಕಪ್ಪಾಗಿ ಮರಳುತ್ತೆ. ತೆರೆದ ಅರ್ಜಿ ಸಾಮಾನ್ಯವಾಗಿ ಹಾಗೇ ಇರುತ್ತೆ.

ಬಾಣಕ್ಕೆ ಬಾಲ ಬಂದರೆ: ಅದು ರೋಗವಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್, ಅದರೊಳಗೆ ಪಾಯಿಂಟರ್ ಆಪ್ಷನ್ಸ್‌ಗೆ ಹೋಗಿ ‘ಪಾಯಿಂಟರ್ ಟ್ರೇಲ್ಸ್’ ಗುರುತು ತೆಗೆಯಿರಿ. ಟೈಪ್ ಮಾಡುವಾಗ ಮಾತ್ರ ಬಾಣ ಅಡಗಿದರೆ ಅಲ್ಲೇ ‘ಹೈಡ್ ಪಾಯಿಂಟರ್’ ಗುರುತನ್ನೂ ತೆಗೆಯಿರಿ.

ಇಷ್ಟಾದರೂ ಸರಿಹೋಗದಿದ್ದರೆ ಬೇರೆ ಕಂಪ್ಯೂಟರಿನ ಮೌಸ್ ಹಾಕಿ ನೋಡಿ. ಅದೂ ಹಾಗೇ ಆಡಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿಸಿ. ಅದು ಸರಿಯಾಗಿ ಆಡಿದರೆ ಮಾತ್ರ ಹೊಸ ಮೌಸಿಗೆ ದುಡ್ಡು ಬಿಚ್ಚಿ.